ಹಾಸರ್: ಹಡಗಿನ ಹೆಬ್ಬಗ್ಗವನ್ನು ಅರಿಯುವುದು, ಆರಿಸುವುದು, ಕಟ್ಟುವುದು

ಕಡಲಿನ ವಿಷಯ ಬರೆಯತೊಡಗಿದಂದಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ: “ಹಾಸರ್ ಎಂದರೆ ಏನು? ಬರೀ ದಪ್ಪ ಹಗ್ಗವೇ?” ಕೇಳುವವರು ಮೂರು ಬಗೆಯವರು. ಇಂಗ್ಲಿಷಿನ ಕಡಲ ಕಥೆಗಳನ್ನು ಓದುವಾಗಲೋ ಕನ್ನಡಕ್ಕೆ ತರುವಾಗಲೋ ಈ ಪದಕ್ಕೆ ಎಡವಿದವರು ಒಂದು ಕಡೆ. ತರಬೇತಿ ಮುಗಿಸಿ ಮೊದಲ ಬಾರಿಗೆ ವ್ಯಾಪಾರಿ ಹಡಗು ಹತ್ತಲಿರುವವರು ಇನ್ನೊಂದು ಕಡೆ. ಮಲ್ಪೆ, ಗಂಗೊಳ್ಳಿ, ತದಡಿಯಂಥ ಕಡೆ ದೋಣಿ ಇಟ್ಟುಕೊಂಡು, ಅಂಗಡಿಯವನು ಕೊಟ್ಟ ಹಗ್ಗ ಮಳೆಗಾಲ ತಾಳುತ್ತದೋ ಇಲ್ಲವೋ ಎಂದು ಯೋಚಿಸುವವರು ಮೂರನೆಯವರು. ಮೂವರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಮೊದಲು. ಹಡಗನ್ನು ದಕ್ಕೆಗೆ ಕಟ್ಟಲು, ಒಂದು ಹಡಗಿನಿಂದ ಇನ್ನೊಂದನ್ನು ಎಳೆಯಲು, ಅಥವಾ ನಿಂತ ಹಡಗನ್ನು ದಕ್ಕೆಯ ಗುಂಟ ಒಂದಷ್ಟು ದೂರ ಸರಿಸಲು ಬಳಸುವ ಭಾರಿ ಹಗ್ಗವೇ ಹಾಸರ್. ದಪ್ಪವೊಂದೇ ಸಾಲದು, ಮಾಡುವ ಕೆಲಸವೂ ಸೇರಿದರೆ ಮಾತ್ರ ಆ ಹೆಸರು. ಅಷ್ಟೇ ದಪ್ಪದ ಹಗ್ಗದಿಂದ ರಥ ಎಳೆದರೆ ಅದು ತೇರಿನ ಮಿಣಿ, ಹಾಸರ್ ಅಲ್ಲ.

ಓದಿ ತಿಳಿಯುವವರಿಗೆ ಈ ಲೇಖನ ಸಾಕು. ಕೈಯಾರೆ ಮಾಡುವವರು ಇವಿಷ್ಟನ್ನು ಜೊತೆಗಿಟ್ಟುಕೊಳ್ಳಿ: ತಲೆಗೆ ಹೆಲ್ಮೆಟ್, ಜಾರದ ಗಟ್ಟಿ ಬೂಟು, ಕೈಗೆ ಸರಿಯಾಗಿ ಕೂರುವ ಗವಸು, ಒಂದು ಅಳತೆಪಟ್ಟಿ, ಹರಿತವಾದ ಚಾಕು, ಹಾಸರಿಗೆ ಮೊದಲು ದಕ್ಕೆಗೆ ಎಸೆಯುವ ತೆಳ್ಳನೆಯ ಒಂದು ಎಸೆಹಗ್ಗ. ಸಡಿಲ ಗವಸು ಬೇಡ. ಸುತ್ತಿಗೂ ಗೂಟಕ್ಕೂ ನಡುವೆ ಗವಸಿನ ತುದಿ ಸಿಕ್ಕಿಕೊಂಡರೆ ಬೆರಳೂ ಅದರೊಡನೆ ಹೋಗುತ್ತದೆ. ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟು ಬನ್ನಿ.

ಹಂತ 1: ಪದವನ್ನು ಸರಿಯಾಗಿ ಹಿಡಿಯಿರಿ

ಉಚ್ಚಾರಣೆಯಲ್ಲಿ ನಡುವಿನ ‘ಸ’ ತುಸು ‘ಝ’ದ ಕಡೆಗೆ ವಾಲುತ್ತದೆ. ಆದರೆ ‘ಹಾಜರ್’ ಎಂದು ಬರೆದರೆ ಓದುಗ ಶಾಲೆಯ ಹಾಜರಿ ಪುಸ್ತಕ ನೆನೆಯುತ್ತಾನೆ. ‘ಹಾಸರ್’ ಎಂದೇ ಬರೆಯುವುದು ಮೇಲು. ಈ ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನ ‘ಮೇಲಕ್ಕೆತ್ತು’ ಎಂಬ ಅರ್ಥದ ಕ್ರಿಯಾಪದದಿಂದ. ಅದರ ಬೇರು ‘ಎತ್ತರ’ ಎಂಬರ್ಥದ ಲ್ಯಾಟಿನ್ ‘ಆಲ್ಟುಸ್’. ಹಡಗಿನ ಮೂತಿಯಲ್ಲಿ ಲಂಗರಿನ ಸರಪಳಿ ಹೊರಬೀಳುವ ತೂತಿಗೆ ‘ಹಾಸ್’ ಎನ್ನುತ್ತಾರೆ. ಹಾಸ್ ತೂತಿನಿಂದ ಹೊರಡುವುದೇ ಹಾಸರ್ ಎಂದು ಹಳೆಯ ನಾವಿಕರೂ ನಂಬಿದ್ದರು. ಆದರೆ ಅದು ‘ಕೊರಳು’ ಎಂಬರ್ಥದ ಉತ್ತರ ಯುರೋಪಿನ ಬೇರೆಯದೇ ಪದದಿಂದ ಬಂದದ್ದು. ಎರಡಕ್ಕೂ ನೆಂಟಸ್ತಿಕೆ ಇಲ್ಲ, ಪಕ್ಕದ ಮನೆಯಲ್ಲಿದ್ದು ಹೋಲಿಕೆ ಬಂದಿದೆ ಅಷ್ಟೆ.

ಕನ್ನಡದಲ್ಲಿ ಏನನ್ನಬೇಕು? ಬಾವಿಯಿಂದ ಕಪಿಲೆ ಎಳೆಯುವ, ತೇರು ಎಳೆಯುವ ದಪ್ಪ ಹಗ್ಗಕ್ಕೆ ನಮ್ಮಲ್ಲಿ ‘ಮಿಣಿ’ ಎಂಬ ಮಾತಿದೆ. ಕಥೆಯ ಅನುವಾದಕ್ಕೆ ‘ಹಡಗಿನ ಮಿಣಿ’ ಚೆನ್ನಾಗಿ ಒಗ್ಗುತ್ತದೆ. ನನಗೆ ಇನ್ನೊಂದು ಆಸೆಯೂ ಇದೆ. ಹಗ್ಗದ ಹಳಗನ್ನಡ ರೂಪ ಪಗ್ಗ. ಹಿರಿದಾದ ಪಾವು ಹೆಬ್ಬಾವು ಆದಂತೆ ಹಿರಿದಾದ ಪಗ್ಗ ಹೆಬ್ಬಗ್ಗವಾಗಬಾರದೇಕೆ? ಹಡಗಿನ ಅಟ್ಟದ, ಅಂದರೆ ಡೆಕ್ಕಿನ, ಮೇಲೆ ಸುರುಳಿ ಸುತ್ತಿ ಮಲಗಿರುವ ಹಾಸರನ್ನು ಒಮ್ಮೆ ಕಂಡವರಿಗೆ ಹೋಲಿಕೆ ಹುಡುಕುವ ಕಷ್ಟವಿರುವುದಿಲ್ಲ. ಕೆಲಸದ ಜಾಗದಲ್ಲಿ ಮಾತ್ರ ಹಾಸರ್ ಎಂದೇ ಹೇಳಿ, ಹೊಸ ಪದ ಪ್ರಯೋಗ ಮಾಡುವ ಜಾಗ ಅದಲ್ಲ.

ಅನುವಾದಕರು ಬೀಳುವ ಹಳ್ಳಗಳು ಇಲ್ಲಿವೆ. ‘ಕೇಬಲ್’ ಎಂಬುದು ಹಡಗಿನ ಕಥೆಯಲ್ಲಿ ವಿದ್ಯುತ್ ತಂತಿಯಲ್ಲ, ಲಂಗರಿನ ಹಗ್ಗ ಅಥವಾ ಸರಪಳಿ. ಹಡಗಿನ ಅರ್ಥವೇ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಲಿಗ್ರಾಫ್ ತಂತಿಯನ್ನು ಕಡಲ ತಳಕ್ಕೆ ಇಳಿಸಿದಾಗ ಹೆಸರನ್ನು ಹಗ್ಗದಿಂದ ಕಡ ತಂದರು, ಅದು ನಮ್ಮ ಮನೆಯ ಟಿವಿಯವರೆಗೂ ಬಂತು. ಅದೇ ಕೇಬಲ್ ದೂರದ ಅಳತೆಯೂ ಹೌದು: ಒಂದು ನಾಟಿಕಲ್ ಮೈಲಿಯ ಹತ್ತನೇ ಒಂದು ಭಾಗ, ಅಂದರೆ 185.2 ಮೀಟರ್. “ಎರಡು ಕೇಬಲ್ ದೂರದಲ್ಲಿ ಬಂಡೆ” ಎಂದರೆ ಎರಡು ತಂತಿಗಳಾಚೆ ಅಲ್ಲ. ‘ಪೇ ಔಟ್’ ಎಂದರೆ ಹಣ ಪಾವತಿಯಲ್ಲ, ಹಗ್ಗವನ್ನು ಮೆಲ್ಲಗೆ ಸಡಿಲ ಬಿಡುವುದು. ‘ಬಿಟರ್ ಎಂಡ್’ ಎಂದರೆ ಕಹಿ ಅಂತ್ಯವಲ್ಲ. ಹಡಗಿನ ಅಟ್ಟದ ಮೇಲಿನ ಜೋಡಿಗೂಟಕ್ಕೆ ‘ಬಿಟ್ಸ್’ ಎಂದು ಹೆಸರು, ಅದಕ್ಕೆ ಕಟ್ಟಿದ ಹಗ್ಗದ ಒಳತುದಿಯೇ ಬಿಟರ್ ಎಂಡ್.

ಇಂಥ ಗೊಂದಲ ನಮ್ಮ ಕಾಲದ್ದೇ ಅಲ್ಲ. ಸೂಜಿಯ ಕಣ್ಣಿನಲ್ಲಿ ನುಗ್ಗುವ ಒಂಟೆಯ ಬೈಬಲ್ ಮಾತಿನಲ್ಲಿ ಗ್ರೀಕಿನ ಕಾಮೆಲೋಸ್, ಅಂದರೆ ಒಂಟೆ, ಎಂಬ ಪದದ ಬದಲು ಕೆಲವು ಹಸ್ತಪ್ರತಿಗಳಲ್ಲಿ ಕಾಮಿಲೋಸ್ ಎಂದಿದೆ. ಅದರ ಅರ್ಥ ಹಡಗಿನ ದಪ್ಪ ಹಗ್ಗ. ವಿದ್ವಾಂಸರ ಒಲವು ಒಂಟೆಯ ಕಡೆಗೇ.

ಹಂತ 2: ಹುರಿಯನ್ನು ಓದಿ

ಹಗ್ಗವನ್ನು ಕೊಳ್ಳುವ ಮೊದಲು ಅದನ್ನು ಹೇಗೆ ಹೊಸೆದಿದ್ದಾರೆ ನೋಡಿ. ನಾರು ಸೇರಿ ನೂಲು, ನೂಲು ಸೇರಿ ಎಳೆ, ಎಳೆ ಸೇರಿ ಹಗ್ಗ. ಪ್ರತಿ ಮೆಟ್ಟಿಲಿನಲ್ಲೂ ಹುರಿಯ ದಿಕ್ಕು ತಿರುಗುಮುರುಗು: ನೂಲು ಬಲಕ್ಕೆ, ಎಳೆ ಎಡಕ್ಕೆ, ಹಗ್ಗ ಮತ್ತೆ ಬಲಕ್ಕೆ. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯುತ್ತದೆ, ಹಗ್ಗ ಹಗ್ಗವಾಗಿ ಉಳಿಯುವುದು ಈ ಜಗಳದಿಂದ.

ಮೂರು ಎಳೆಗಳ ಬಲಹುರಿಯ ಹಗ್ಗಕ್ಕೆ ಇಂಗ್ಲಿಷಿನಲ್ಲಿ ‘ಹಾಸರ್ ಹುರಿ’ ಎಂದೇ ಹೆಸರು, ಸಣ್ಣ ಹಗ್ಗವಾದರೂ ಸರಿ. ಇದೊಂದು ಗೊಂದಲದ ತಾಣ: ಅಂಗಡಿಯವನು “ಹಾಸರ್ ಹುರಿಯದ್ದು” ಎಂದರೆ ಅದು ಹಾಸರ್ ಆಗಿಬಿಡುವುದಿಲ್ಲ. ಅಂಥ ಮೂರು ಹಗ್ಗಗಳನ್ನು ಮತ್ತೆ ಎಡಕ್ಕೆ ಹೊಸೆದರೆ ಒಂಬತ್ತು ಎಳೆಗಳ ‘ಕೇಬಲ್ ಹುರಿ’. ಗುರುತಿಸುವುದು ಸುಲಭ. ಹಗ್ಗವನ್ನು ನೆಟ್ಟಗೆ ಕಣ್ಣೆದುರು ಹಿಡಿಯಿರಿ. ಎಳೆಗಳು ಎಡಗೆಳಗಿನಿಂದ ಬಲಮೇಲಕ್ಕೆ ಏರುತ್ತಿದ್ದರೆ ಬಲಹುರಿ.

ಬಲಹುರಿ ಹಗ್ಗವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿಡಬೇಕು. ಉಲ್ಟಾ ಸುತ್ತಿದರೆ ಮುರುಚಿಕೊಂಡು ಗಂಟಾಗುತ್ತದೆ. ಹಾಗೆ ಮುರುಚಿದ ಜಾಗದಲ್ಲೇ ಮುಂದೆ ಹರಿಯುವುದು. ಈಗಿನ ಹಡಗುಗಳಲ್ಲಿ ಎಂಟೆಳೆಯ ಜಡೆಹಗ್ಗ ಹೆಚ್ಚು: ನಾಲ್ಕು ಬಲಹುರಿ, ನಾಲ್ಕು ಎಡಹುರಿ, ಜಡೆಯಂತೆ ಹೆಣೆದದ್ದು. ಅದಕ್ಕೆ ಮುರುಚುವ ಚಾಳಿ ಇಲ್ಲ, ಎತ್ತ ಬೇಕಾದರೂ ಸುತ್ತಿ.

ಹಂತ 3: ಅಳತೆಯ ಭಾಷೆ ತಿಳಿದುಕೊಳ್ಳಿ

ಹಳೆಯ ಕಾಲದಲ್ಲಿ ಹಗ್ಗವನ್ನು ಸುತ್ತಳತೆಯಲ್ಲಿ, ಅದೂ ಇಂಚಿನಲ್ಲಿ ಹೇಳುತ್ತಿದ್ದರು. ಈಗ ವ್ಯಾಸ, ಮಿಲಿಮೀಟರಿನಲ್ಲಿ. “ಎಂಟು ಇಂಚಿನ ಹಾಸರ್” ಎಂದು ಓದಿ ಎಂಟು ಇಂಚು ದಪ್ಪದ ಹಗ್ಗ ಕಲ್ಪಿಸಿಕೊಂಡವರು ಬಹಳ. ಲೆಕ್ಕ ಸರಳ: ಇಂಚಿನ ಸುತ್ತಳತೆಯನ್ನು 8ರಿಂದ ಗುಣಿಸಿದರೆ ಹೆಚ್ಚುಕಡಿಮೆ ಮಿಲಿಮೀಟರಿನ ವ್ಯಾಸ. ಎಂಟು ಇಂಚಿನದು ಸುಮಾರು 64 ಮಿಲಿಮೀಟರ್. ಐದು ಇಂಚು, ಅಂದರೆ 40 ಮಿಲಿಮೀಟರ್ ದಾಟಿದರೆ ಹಾಸರ್ ಎನ್ನುವುದು ಹಳೆಯ ರೂಢಿ.

ಉದ್ದದ ಲೆಕ್ಕ ನಮಗೆ ಹೊಸದಲ್ಲ. ನಾವಿಕರ ‘ಫ್ಯಾದಮ್’ ನಮ್ಮ ಮಾರು ತಾನೆ, ಚಾಚಿದ ಎರಡು ಕೈಗಳ ಅಳತೆ. ಹೂವಾಡಗಿತ್ತಿಯ ಮಾರು ಗಿರಾಕಿ ನೋಡಿ ಹಿಗ್ಗಿ ಕುಗ್ಗಬಹುದು. ಹಡಗಿನದು 6 ಅಡಿಗೆ ಕಟ್ಟುನಿಟ್ಟು. ಹಗ್ಗದ ಒಂದು ಸುರುಳಿ ವಾಡಿಕೆಯಂತೆ 120 ಮಾರು, ಇಂದಿನ ಲೆಕ್ಕದಲ್ಲಿ 220 ಮೀಟರ್. ಇಂಗ್ಲೆಂಡಿನ ಚಾಥಮ್ ನೌಕಾಂಗಣದಲ್ಲಿ ಹಗ್ಗ ಹೊಸೆಯುವ ಕಟ್ಟಡ 346 ಮೀಟರ್ ಉದ್ದವಿರುವುದು ಏಕೆಂದು ಇದರಿಂದ ತಿಳಿಯುತ್ತದೆ. ಹುರಿ ಕೊಟ್ಟಂತೆ ಎಳೆ ಮೂರರಲ್ಲೊಂದು ಪಾಲಿನಷ್ಟು ಗಿಡ್ಡವಾಗುತ್ತದೆ. 220 ಮೀಟರ್ ಹಗ್ಗ ಕೈಗೆ ಬರಬೇಕಾದರೆ ನೂರಾರು ಅಡಿ ಹೆಚ್ಚಿಗೆ ಹಾಸಿಕೊಂಡೇ ಶುರು ಮಾಡಬೇಕು. ಅಲ್ಲಿ ಇಂದಿಗೂ ಹಗ್ಗ ಹೊಸೆಯುತ್ತಾರೆ.

ವ್ಯಾಸ ಇಮ್ಮಡಿಯಾದರೆ ಬಲ ಇಮ್ಮಡಿಯಲ್ಲ, ಸುಮಾರು ನಾಲ್ಕು ಪಟ್ಟು. ಕೊಳ್ಳುವಾಗ ವ್ಯಾಸದ ಜೊತೆಗೆ, ಹರಿಯುವ ಹೊರೆ ಎಷ್ಟು ಟನ್ ಎಂಬ ಪ್ರಮಾಣಪತ್ರವನ್ನೂ ಕೇಳಿ. ಪತ್ರವಿಲ್ಲದ ಹಗ್ಗ ಎಷ್ಟು ಹೊಳೆದರೂ ಬೇಡ.

ಹಂತ 4: ನಾರು ಆರಿಸಿ

ಇಲ್ಲಿ ತಪ್ಪಿದರೆ ಮುಂದಿನ ಹಂತಗಳೆಲ್ಲ ವ್ಯರ್ಥ.

ತೆಂಗಿನ ಕತ್ತದ ಹಗ್ಗದಿಂದ ಶುರು ಮಾಡೋಣ, ಅದು ನಮ್ಮದು. ಇಂಗ್ಲಿಷಿನ ‘ಕಾಯರ್’ ಎಂಬ ಪದವೇ ಮಲಯಾಳದ ‘ಕಯರು’. ಉಪ್ಪುನೀರಿಗೆ ಜಗ್ಗದು, ತೇಲುತ್ತದೆ, ಚೆನ್ನಾಗಿ ಹಿಗ್ಗುತ್ತದೆ. ಬ್ರಿಟಿಷ್ ನೌಕಾಪಡೆಯವರು ಕತ್ತದ ಹಾಸರನ್ನು ‘ಹುಲ್ಲಿನ ಹಗ್ಗ’ ಎಂದು ಕರೆದರೂ ನೀರಿನ ಮೇಲೆ ದೂರ ತೇಲಿಸಿ ಕಳಿಸುವ ಕೆಲಸಕ್ಕೆ ಅದನ್ನೇ ನೆಚ್ಚಿದ್ದರು. ಬಲ ಮಾತ್ರ ಕಡಿಮೆ, ಹಾಗಾಗಿ ದಪ್ಪ ಬಹಳ ಬೇಕು. ಮನಿಲಾ ಹಗ್ಗವನ್ನು ಸೆಣಬಿನದು ಎಂದು ತಿಳಿದವರಿದ್ದಾರೆ; ಅದು ಫಿಲಿಪ್ಪೀನ್ಸಿನ ಅಬಾಕಾ ಎಂಬ ಬಾಳೆಜಾತಿಯ ಗಿಡದ ನಾರು, ನಾವು ಹೂ ಕಟ್ಟುವ ಬಾಳೆನಾರಿನ ನೆಂಟ. ಇವೆರಡೂ ದೊಡ್ಡ ಹಡಗುಗಳಿಂದ ಹೆಚ್ಚುಕಡಿಮೆ ಮರೆಯಾಗಿವೆ.

ಈಗಿನ ಆಯ್ಕೆ ಕೃತಕ ನಾರುಗಳ ನಡುವೆ. ನೈಲಾನ್ ಬಲಶಾಲಿ, ಹರಿಯುವ ಮೊದಲು ತನ್ನ ಉದ್ದದ ಕಾಲುಭಾಗಕ್ಕೂ ಮೀರಿ ಹಿಗ್ಗಬಲ್ಲದು; ಅಲೆಯ ಜಗ್ಗಾಟ ನುಂಗಿಕೊಳ್ಳುವ ಗುಣ ಅದು. ನೀರಿನಲ್ಲಿ ಮುಳುಗುತ್ತದೆ, ಒದ್ದೆಯಾದಾಗ ಶೇ. 10ರಿಂದ 15ರಷ್ಟು ಬಲ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಕಡಿಮೆ ಹಿಗ್ಗುತ್ತದೆ, ಉಜ್ಜಾಟ ತಾಳುತ್ತದೆ, ಒದ್ದೆಯಾದರೂ ಬಲ ಕುಂದದು, ಅದೂ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ಹಗುರ, ತೇಲುತ್ತದೆ. ನಮ್ಮ ಮೀನುಗಾರಿಕೆ ಬಂದರುಗಳಲ್ಲಿ ಕಣ್ಣಿಗೆ ಬೀಳುವ ನೀಲಿ, ಹಸಿರು, ಕಿತ್ತಳೆ ಹಗ್ಗಗಳಲ್ಲಿ ಬಹುಪಾಲು ಈ ಕುಲದವು. ಆದರೆ ಬಿಸಿಲು ಅದರ ಶತ್ರು. ಉಗುರಿನಿಂದ ಕೆರೆದಾಗ ಹಿಟ್ಟಿನಂತೆ ಉದುರಿದರೆ ಆ ಹಗ್ಗದ ಆಯುಸ್ಸು ಮುಗಿದಂತೆ. ಗೂಟದ ಮೇಲೆ ಬಿಗಿಯಾಗಿ ಜಾರಿದರೆ ಉಜ್ಜಾಟದ ಬಿಸಿಗೇ ಕರಗಿ ಅಂಟುತ್ತದೆ. ಕೊನೆಯದು ಡೈನೀಮಾದಂಥ ದುಬಾರಿ ನಾರು: ಅಷ್ಟೇ ದಪ್ಪದ ಉಕ್ಕಿನ ಹಗ್ಗಕ್ಕೆ ಸಮನಾದ ಬಲ, ನೀರಿನಲ್ಲಿ ತೇಲುವಷ್ಟು ಹಗುರ, ಹಿಗ್ಗು ಬಹಳ ಕಡಿಮೆ.

ದೋಣಿಯವರಿಗೆ ನನ್ನ ಸಲಹೆ: ನಿತ್ಯ ಕಟ್ಟಲು ಪಾಲಿಯೆಸ್ಟರ್, ಅಲೆ ಜಾಸ್ತಿ ಇರುವ ಕಡೆ, ಕೆಟ್ಟ ದೋಣಿ ಎಳೆಯುವಾಗ ನೈಲಾನ್. ಪ್ರೊಪೆಲ್ಲರಿಗೆ ಸಿಕ್ಕಿಕೊಳ್ಳುವ ಭಯವಿದ್ದಲ್ಲಿ ಮಾತ್ರ ತೇಲುವ ಹಗ್ಗ.

ಎಚ್ಚರಿಕೆ: ಒಂದೇ ಕೆಲಸಕ್ಕೆ ಎರಡು ಬಗೆಯ ಹಗ್ಗ ಬೆರೆಸಬೇಡಿ. ಹಿಗ್ಗದ ಹಗ್ಗ ಇಡೀ ಹೊರೆಯನ್ನು ತಾನೇ ಹೊತ್ತು ಮೊದಲು ಹರಿಯುತ್ತದೆ. ಪಕ್ಕದ ನೈಲಾನ್ ಅಷ್ಟು ಹೊತ್ತೂ ಸಡಿಲವಾಗಿ ನೋಡುತ್ತಿದ್ದು, ಆಮೇಲೆ ಒಂಟಿಯಾಗಿ ಹರಿಯುತ್ತದೆ.

ಹಂತ 5: ಯಾವ ಹಗ್ಗ ಯಾವ ದಿಕ್ಕಿಗೆ

ದಕ್ಕೆಗೆ ಒರಗಿದ ಹಡಗು ನಾಲ್ಕು ಕಡೆ ಹೋಗಲು ನೋಡುತ್ತದೆ: ಮುಂದೆ, ಹಿಂದೆ, ಹೊರಗೆ, ಅಲೆಯೊಡನೆ ಮೇಲೆ ಕೆಳಗೆ. ಮೂತಿಯಿಂದ ಮುಂದಕ್ಕೆ ಹೋಗುವುದು ತಲೆಹಗ್ಗ, ಹಿಂಭಾಗದಿಂದ ಹಿಂದಕ್ಕೆ ಹೋಗುವುದು ಬಾಲಹಗ್ಗ. ಹಡಗಿಗೆ ಅಡ್ಡಲಾಗಿ ನೇರ ದಕ್ಕೆಗೆ ಬರುವುದು ಎದೆಹಗ್ಗ. ಇದು ಹೊರಗೆ ಸರಿಯುವುದನ್ನು ತಡೆಯುತ್ತದೆ. ಮುಂಭಾಗದಿಂದ ಹಿಂದಕ್ಕೂ ಹಿಂಭಾಗದಿಂದ ಮುಂದಕ್ಕೂ ಹಡಗಿನ ಮೈಗುಂಟ ಹಾಕುವವು ‘ಸ್ಪ್ರಿಂಗ್’ ಹಗ್ಗಗಳು. ಹೊಸಬರು ತಲೆಹಗ್ಗ, ಬಾಲಹಗ್ಗ ಬಿಗಿದು ಕೈ ತೊಳೆದುಕೊಳ್ಳುತ್ತಾರೆ. ಆದರೆ ಹಡಗು ಹಿಂದೆ ಮುಂದೆ ತೂಗಾಡದಂತೆ ಹಿಡಿಯುವುದು ಸ್ಪ್ರಿಂಗ್ ಹಗ್ಗಗಳೇ. ಸಣ್ಣ ದೋಣಿಗೂ ಎರಡು ಸ್ಪ್ರಿಂಗ್ ಹಾಕಿ ನೋಡಿ, ರಾತ್ರಿಯ ಗುದ್ದಾಟ ಎಷ್ಟು ಕಡಿಮೆಯಾಗುತ್ತದೆಂದು ತಿಳಿಯುತ್ತದೆ.

ಕಡಿದಾಗಿ ಇಳಿಯುವ ಹಗ್ಗ ಹಡಗನ್ನು ಹಿಡಿಯುವುದಿಲ್ಲ, ಕೆಳಕ್ಕೆ ಜಗ್ಗುತ್ತದೆ. ನೆಲಮಟ್ಟಕ್ಕೆ 25 ಡಿಗ್ರಿಯೊಳಗೆ ಇರಲಿ.

ಕಡಲಿನ ನಡುವೆ ದಕ್ಕೆಯೇ ಇಲ್ಲದ ಕಡೆಯೂ ಹಾಸರ್ ಇದೆ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ಕಚ್ಚಾತೈಲ ತರುವ ಭಾರಿ ಟ್ಯಾಂಕರುಗಳು ತೀರದಿಂದ ದೂರದಲ್ಲಿ ಲಂಗರು ಹಾಕಿ ನಿಲ್ಲಿಸಿದ ಉಕ್ಕಿನ ತೇಲುಬೋಯ್ ಒಂದಕ್ಕೆ ಮೂತಿ ಕಟ್ಟಿಕೊಂಡು, ಗಾಳಿ ಬಂದತ್ತ ಅದರ ಸುತ್ತ ತಿರುಗುತ್ತ ತೈಲ ಇಳಿಸುತ್ತವೆ. ದಕ್ಕೆಯ ಹಗ್ಗಗಳನ್ನು ಇಂದಿನ ನಾವಿಕರು ‘ಮೂರಿಂಗ್ ಲೈನ್’ ಎಂದುಬಿಡುತ್ತಾರಾದರೂ, ತೇಲುಬೋಯ್‌ಗೆ ಕಟ್ಟುವ ಹಗ್ಗದ ಮೇಲೆ ಹಾಸರ್ ಎಂಬ ಹೆಸರು ಇನ್ನೂ ಗಟ್ಟಿಯಾಗಿ ಅಂಟಿದೆ.

ಹಂತ 6: ದಾಟಿಸಿ, ಗೂಟಕ್ಕೆ ಹಾಕಿ

ಹಾಸರನ್ನು ಯಾರೂ ಎಸೆಯಲಾರರು. ಮೊದಲು ತೆಳ್ಳನೆಯ ಎಸೆಹಗ್ಗ ಎಸೆಯುತ್ತಾರೆ. ಅದರ ತುದಿಯಲ್ಲಿ ಹಗ್ಗದಿಂದಲೇ ಹೆಣೆದ ಉಂಡೆ ಇರುತ್ತದೆ, ಹೆಸರು ‘ಕೋತಿಯ ಮುಷ್ಟಿ’. ಉಂಡೆಯೊಳಗೆ ಕಬ್ಬಿಣದ ನಟ್ಟು, ಸೀಸ ತುಂಬುವ ಕೆಟ್ಟ ಚಟ ಕೆಲವು ಹಡಗುಗಳಲ್ಲಿದೆ. ದಕ್ಕೆಯ ಮೇಲೆ ನಿಂತವನ ತಲೆ ಒಡೆಯುವ ಆಯುಧ ಅದು; ಯಾವ ಬಂದರೂ ಅದನ್ನು ಒಪ್ಪುವುದಿಲ್ಲ. ಎಸೆಯುವ ಮೊದಲು ಕೂಗಿ ಹೇಳಿ. ಆಚೆಯವರು ಎಸೆಹಗ್ಗ ಎಳೆದಂತೆ ಅದರ ಹಿಂದೆ ಹಾಸರಿನ ಕುಣಿಕೆ ಬರುತ್ತದೆ, ಅದನ್ನು ದಕ್ಕೆಯ ಬೊಲಾರ್ಡ್ ಎಂಬ ಉಕ್ಕಿನ ಮೋಟುಗೂಟಕ್ಕೆ ಇಳಿಸುತ್ತಾರೆ.

ಆ ಗೂಟದಲ್ಲಿ ಆಗಲೇ ಬೇರೆ ಹಡಗಿನ ಕುಣಿಕೆ ಇದ್ದರೆ? ನಿಮ್ಮದನ್ನು ಅದರ ಮೇಲೆ ಹಾಗೇ ಹೇರಬೇಡಿ. ನಿಮ್ಮ ಕುಣಿಕೆಯನ್ನು ಮೊದಲಿನ ಕುಣಿಕೆಯ ಒಳಗಿನಿಂದ, ಕೆಳಗಿನಿಂದ ಮೇಲಕ್ಕೆ ತೂರಿಸಿ ಆಮೇಲೆ ಗೂಟಕ್ಕೆ ಹಾಕಿ. ಆಗ ಇಬ್ಬರಲ್ಲಿ ಯಾರು ಮೊದಲು ಹೊರಟರೂ ಇನ್ನೊಬ್ಬರ ಹಗ್ಗ ಬಿಚ್ಚದೆ ತಮ್ಮದನ್ನು ತೆಗೆಯಬಹುದು. ಮೀನುಗಾರಿಕೆ ದಕ್ಕೆಗಳಲ್ಲಿ ಬೆಳಗಿನ ಜಾವ ಎದ್ದೇಳುವ ಜಗಳಗಳಲ್ಲಿ ಕೆಲವನ್ನಾದರೂ ಈ ಒಂದು ಉಪಾಯ ತಪ್ಪಿಸಬಲ್ಲದು.

ಹಡಗಿನ ಕಡೆ ಜೋಡಿಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತುತ್ತಾರೆ. ಕೃತಕ ಹಗ್ಗ ಜಾರುವಂಥದ್ದು, ಆದ್ದರಿಂದ ಮೊದಲ ಗೂಟಕ್ಕೆ ಎರಡು ಪೂರ್ಣ ಸುತ್ತು ಹಾಕಿ, ಅನಂತರ ಎಂಟುಗಳನ್ನು ಸುತ್ತಿ. ಕೈ ಗೂಟದ ಹತ್ತಿರಕ್ಕೆ ಹೋಗದಿರಲಿ. ಹಗ್ಗವನ್ನು ಒಂದು ಮೀಟರ್ ದೂರದಿಂದ ಹಿಡಿದು ಸುತ್ತಿ. ಯಂತ್ರದ ಉರುಳೆಯ ಮೇಲೆ ಹಗ್ಗ ಎಳೆಯುವಾಗಲೂ ಅದೇ ಅಂತರ. ಉರುಳೆ ನಡೆಸುವವನೇ ಹಗ್ಗವನ್ನೂ ಹಿಡಿಯಬಾರದು, ಎರಡಕ್ಕೂ ಬೇರೆ ಬೇರೆ ಜನ ಇರಬೇಕು.

ಹಂತ 7: ಎಲ್ಲಿ ನಿಲ್ಲಬಾರದು

ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಬಿಗಿದ ಹಾಸರ್ ಎಂದರೆ ಎಳೆದು ಹಿಡಿದ ಕವಣೆ. ಹಿಗ್ಗಿದಷ್ಟೂ ಶಕ್ತಿ ಒಳಗೆ ಸೇರುತ್ತದೆ. ಹರಿದ ಕ್ಷಣ ಆ ಶಕ್ತಿಯೆಲ್ಲ ತುದಿಗಳನ್ನು ಹಿಂದಕ್ಕೆ ಬೀಸುತ್ತದೆ. ಕಣ್ಣಿಗೆ ಕಾಣುವ ವೇಗವಲ್ಲ ಅದು, ತಲೆ ಬಗ್ಗಿಸಲು ಸಮಯ ಸಿಗುವುದಿಲ್ಲ. ಇದಕ್ಕೆ ‘ಸ್ನ್ಯಾಪ್‌ಬ್ಯಾಕ್’ ಎನ್ನುತ್ತಾರೆ, ‘ಹಿಮ್ಮೊಗೆತ’ ಎನ್ನಬಹುದೇನೋ. ತುದಿ ನೇರ ಹಿಂದಕ್ಕೇ ಬರುತ್ತದೆ ಎಂಬುದೂ ತಪ್ಪು. ಹಗ್ಗ ನಡುವೆ ಉರುಳೆಯನ್ನೋ ಗೂಟವನ್ನೋ ಬಳಸಿ ತಿರುಗಿದ್ದರೆ ಹರಿದ ತುದಿ ಆ ತಿರುವಿನ ಸುತ್ತ ಚಾವಟಿಯಂತೆ ಬೀಸುತ್ತದೆ.

ಬಹುಕಾಲ ಹಡಗುಗಳ ಅಟ್ಟದ ಮೇಲೆ ಅಪಾಯದ ಜಾಗಗಳನ್ನು ಬಣ್ಣದಲ್ಲಿ ಗುರುತಿಸುತ್ತಿದ್ದರು. ಬಣ್ಣದ ಹೊರಗೆ ನಿಂತರೆ ಕ್ಷೇಮ ಎಂಬ ಸುಳ್ಳು ಧೈರ್ಯ ಅದರಿಂದ ಹುಟ್ಟಿತು. 2015ರ ಮಾರ್ಚ್ 2ರಂದು ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನಲ್ಲಿ ಝರ್ಗಾ ಎಂಬ ಅನಿಲ ಸಾಗಾಟದ ಹಡಗನ್ನು ಕಟ್ಟುವಾಗ ಹಗ್ಗ ಹರಿದು ಅಧಿಕಾರಿಯೊಬ್ಬರ ತಲೆಗೆ ತೀವ್ರ ಪೆಟ್ಟಾಯಿತು. ಹರಿದದ್ದು ಹಿಗ್ಗುವುದೇ ಇಲ್ಲ, ಹಾಗಾಗಿ ಬೀಸುವುದಿಲ್ಲ ಎಂದು ಜನ ನಂಬಿಕೊಂಡಿದ್ದ ಬಗೆಯ ದುಬಾರಿ ಹಗ್ಗ. ಅದರ ತುದಿಗೆ ಜೋಡಿಸಿದ್ದ ಹಿಗ್ಗುವ ತುಂಡು ಬೇಕಾದಷ್ಟು ಶಕ್ತಿ ಕೂಡಿಟ್ಟಿತ್ತು. ಕಟ್ಟುವ ಹೊತ್ತಿನಲ್ಲಿ ಆ ಇಡೀ ಅಟ್ಟವೇ ಅಪಾಯದ ಜಾಗ ಎಂದು ತಿಳಿಯಬೇಕೆಂಬುದು ಈಗಿನ ನಿಲುವು.

ಹಾಗಾದರೆ ಮಾಡಬೇಕಾದದ್ದು ಏನು?

ಒಂದು, ಕೆಲಸವಿಲ್ಲದವರು ಅಲ್ಲಿರಬಾರದು. ಮೊಬೈಲ್ ಹಿಡಿದು ಚಿತ್ರ ತೆಗೆಯುವವರನ್ನು ಮೊದಲು ಹೊರಗೆ ಕಳಿಸಿ. ಎರಡು, ಬಿದ್ದ ಹಗ್ಗದ ಕುಣಿಕೆಯೊಳಗೆ ಕಾಲಿಡಬೇಡಿ, ಬಿಗಿದ ಹಗ್ಗವನ್ನು ದಾಟಬೇಡಿ, ಅದರ ನೇರಕ್ಕೂ ನಿಲ್ಲಬೇಡಿ. ಮೂರು, ಕಿವಿ ತೆರೆದಿಡಿ. ಹಲವು ಹಗ್ಗಗಳು ಹರಿಯುವ ಮುನ್ನ ಕಿರುಗುಟ್ಟುತ್ತವೆ, ತೆಳ್ಳಗಾಗುತ್ತವೆ. ಆದರೆ ಕೆಲವು ಕೃತಕ ಹಗ್ಗಗಳು ಏನೂ ಹೇಳದೆ ಹರಿಯುತ್ತವೆ, ಸದ್ದಿಗಾಗಿ ಕಾಯಬೇಡಿ. ನಾಲ್ಕು, ಯಂತ್ರದ ಬಲವಿದೆಯೆಂದು ಎಳೆಯುತ್ತ ಹೋಗಬೇಡಿ. ಕೃತಕ ಹಗ್ಗದ ಮೇಲಿನ ನಿತ್ಯದ ಹೊರೆ ಅದು ಹರಿಯುವ ಹೊರೆಯ ಅರ್ಧ ದಾಟಬಾರದೆಂಬುದು ಟ್ಯಾಂಕರು ಕ್ಷೇತ್ರದ ಮಾರ್ಗಸೂಚಿ.

ಹಂತ 8: ಎರಡು ಹಾಸರ್ ಜೋಡಿಸುವಾಗ, ಎಳೆಯುವಾಗ

ಗಂಟು ಹಗ್ಗದ ಬಲವನ್ನು ಅರ್ಧದಷ್ಟಕ್ಕೆ ಇಳಿಸಬಹುದು. ಆದ್ದರಿಂದ ಕಾಯಂ ಕುಣಿಕೆ ಬೇಕಾದರೆ ಗಂಟು ಹಾಕದೆ, ಎಳೆಗಳನ್ನು ಬಿಚ್ಚಿ ಹಗ್ಗದೊಳಕ್ಕೇ ಹೆಣೆಯಿರಿ. ನಾರಿನ ಹಗ್ಗಕ್ಕೆ ಕನಿಷ್ಠ ಮೂರು ಹೆಣಿಗೆ, ಜಾರುವ ಕೃತಕ ಹಗ್ಗಕ್ಕೆ ಅದಕ್ಕಿಂತ ಹೆಚ್ಚು.

ಹೆಣೆಯಲು ಸಮಯವಿಲ್ಲದೆ ಎರಡು ದಪ್ಪ ಹಗ್ಗಗಳನ್ನು ಕಟ್ಟಲೇಬೇಕಾದರೆ ‘ಕ್ಯಾರಿಕ್’ ಗಂಟು ಎಂಬುದಿದೆ. ಎರಡು ಕುಣಿಕೆಗಳು ಒಂದರೊಳಗೊಂದು ಚಾಪೆಯ ಹೆಣಿಗೆಯಂತೆ ಮೇಲೆ ಕೆಳಗೆ ಹೋಗುತ್ತವೆ. ಎಷ್ಟು ಬಿಗಿದರೂ ಆಮೇಲೆ ಬಿಚ್ಚಲು ಬರುತ್ತದೆ. ಅದು ಬಾರದವರು ಎರಡೂ ತುದಿಗೆ ಬೋಲೈನ್ ಎಂಬ ಬಿಗಿದುಕೊಳ್ಳದ ಕುಣಿಕೆ ಹಾಕಿ ಒಂದರೊಳಗೊಂದು ಸಿಕ್ಕಿಸಬಹುದು. ಮನೆಯಲ್ಲಿ ಮೂಟೆ ಕಟ್ಟುವ ಗಂಟನ್ನು ಮಾತ್ರ ಇಲ್ಲಿ ಹಾಕಬೇಡಿ. ಒಂದೋ ಜಾರುತ್ತದೆ, ಇಲ್ಲವೇ ಕೊಡಲಿಯಿಂದಲೇ ಬಿಡಿಸಬೇಕಾಗುತ್ತದೆ.

ಕೆಟ್ಟುನಿಂತ ದೋಣಿಯನ್ನು ಎಳೆದು ತರುವವರಿಗೆ ಎರಡು ಮಾತು. ಹಗ್ಗ ಉದ್ದವಿರಲಿ, ನಡುವೆ ನೀರಿಗೆ ಜೋತುಬಿದ್ದಿರಲಿ. ಆ ಜೋತೇ ಜಗ್ಗಾಟವನ್ನು ನುಂಗುವುದು. ಎರಡೂ ದೋಣಿಗಳು ಒಟ್ಟಿಗೆ ಅಲೆ ಏರಿ ಒಟ್ಟಿಗೆ ಇಳಿಯುವಂತೆ ಹಗ್ಗದ ಉದ್ದ ಹೊಂದಿಸಿ, ಮೆಲ್ಲಗೆ ಹೊರಡಿ. ಹಿಂಭಾಗದಲ್ಲಿ ಯಾರೂ ಕೂರಬಾರದು. ತುರ್ತಿಗೆ ಕಡಿಯಲು ಕೊಡಲಿ ಕೈಗೆ ಸಿಗುವಂತಿರಲಿ.

ಹಂತ 9: ಕಟ್ಟಿದ ಮೇಲೆ ಕಾಯಿರಿ

ಹಡಗು ಕಟ್ಟಿ ಮಲಗುವ ಹಾಗಿಲ್ಲ. ಭರತ ಇಳಿತದ ಲೆಕ್ಕ ಊರಿಂದೂರಿಗೆ ಬೇರೆ. ಮಂಗಳೂರಿನಲ್ಲಿ ನೀರು ಏರಿಳಿಯುವುದು ಒಂದೂವರೆ ಮೀಟರಿನ ಸುಮಾರು. ಗುಜರಾತಿನ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಅದು ಹತ್ತು ಮೀಟರ್ ದಾಟಬಲ್ಲದು. ನಮ್ಮ ಕರಾವಳಿಯ ಅಭ್ಯಾಸದಲ್ಲಿ ಬಿಗಿದು ಕಟ್ಟಿದವನ ದೋಣಿ ಅಲ್ಲಿ ಇಳಿತ ಬಂದಾಗ ಹಗ್ಗಕ್ಕೆ ನೇತುಬೀಳುತ್ತದೆ. ಸರಕು ಇಳಿಸಿದಂತೆ ಹಡಗು ಮೇಲೇಳುತ್ತದೆ, ಆಗಲೂ ಹಗ್ಗ ಬಿಗಿಯುತ್ತದೆ.

ಹಾದುಹೋಗುವ ದೊಡ್ಡ ಹಡಗೂ ನಿಮ್ಮ ಹಾಸರನ್ನು ಹರಿಯಬಲ್ಲದು. 1912ರ ಏಪ್ರಿಲ್ 10ರಂದು ಟೈಟಾನಿಕ್ ಸೌತಾಂಪ್ಟನ್ ಬಿಡುವಾಗ, ದಕ್ಕೆಯ ಬಳಿ ಕಟ್ಟಿದ್ದ ನ್ಯೂಯಾರ್ಕ್ ಎಂಬ ಹಡಗನ್ನು ಅದರ ನೀರಿನ ಸೆಳೆತ ಎಬ್ಬಿಸಿತು. ನ್ಯೂಯಾರ್ಕ್‌ನ ಹಾಸರುಗಳು ಒಂದೊಂದಾಗಿ ಹರಿದು ಅದರ ಹಿಂಭಾಗ ಟೈಟಾನಿಕ್‌ನತ್ತ ತೂಗಿತು. ವಲ್ಕನ್ ಎಂಬ ಎಳೆದೋಣಿ ಹಗ್ಗ ಹಾಕಿ ಹಿಡಿದಿದ್ದರಿಂದ ಕೆಲವೇ ಅಡಿಗಳಲ್ಲಿ ಡಿಕ್ಕಿ ತಪ್ಪಿತು. ಸಡಿಲ ಹಗ್ಗ ಹೀಗೆ ಬೇಗ ಹರಿಯುತ್ತದೆ: ಹಡಗು ಮೊದಲು ವೇಗ ಪಡೆದು ಆಮೇಲೆ ಒಮ್ಮೆಲೇ ಜಗ್ಗುತ್ತದೆ. ಎಲ್ಲ ಹಗ್ಗಗಳೂ ಸಮನಾಗಿ ಹೊರೆ ಹೊರುವಷ್ಟು ಬಿಗಿ ಬೇಕು, ತಂಬೂರಿಯ ತಂತಿಯಂತೆ ಮಿಡಿಯುವಷ್ಟಲ್ಲ.

ಹಗ್ಗ ಅಂಚಿಗೆ ಉಜ್ಜುವ ಕಡೆ ಹಳೆಯ ಅಗ್ನಿಶಾಮಕ ಪೈಪಿನ ತುಂಡನ್ನೋ ದಪ್ಪ ಕ್ಯಾನ್ವಾಸನ್ನೋ ಸುತ್ತಿ. ಬಂದರಿನಲ್ಲಿ ಹೆಚ್ಚು ದಿನ ನಿಲ್ಲುವುದಾದರೆ ಇಲಿಗಳು ಹಗ್ಗದ ಮೇಲೆ ಹಡಗು ಹತ್ತದಂತೆ ತಗಡಿನ ಇಲಿತಟ್ಟೆ ಸಿಕ್ಕಿಸಿ.

ಹಂತ 10: ಯಾವಾಗ ಬಿಡಬೇಕು

2024ರ ಜನವರಿ 1ರಿಂದ ಜಾರಿಗೆ ಬಂದ ಸೋಲಾಸ್ ತಿದ್ದುಪಡಿ, ಅಂದರೆ ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ನಿಯಮ, ಹಡಗು ಕಟ್ಟುವ ಹಗ್ಗಗಳನ್ನು ಪರೀಕ್ಷಿಸಿ ಸುಸ್ಥಿತಿಯಲ್ಲಿಡುವುದನ್ನು ಹಳೆಯ ಹಡಗುಗಳಿಗೂ ಕಡ್ಡಾಯಗೊಳಿಸಿದೆ. ಸಣ್ಣ ದೋಣಿಯವರಿಗೆ ಅದು ಅನ್ವಯಿಸದಿದ್ದರೂ ಪದ್ಧತಿ ಒಳ್ಳೆಯದು. ಒಂದು ಹಳೆಯ ನೋಟ್‌ಪುಸ್ತಕ ಸಾಕು: ಕೊಂಡ ದಿನ, ವ್ಯಾಸ, ನೋಡಿದ ದಿನ, ಕಂಡ ಗಾಯ.

ಪರೀಕ್ಷೆ ಹೊರಮೈಗೆ ನಿಲ್ಲಬಾರದು. ಮೂರೆಳೆಯ ಹಗ್ಗವಾದರೆ ಎಳೆಗಳನ್ನು ತುಸು ಬಿಡಿಸಿ ಒಳಗೆ ನೋಡಿ. ಒಳಗೆ ಪುಡಿ ಇದ್ದರೆ ಮರಳು ಹೊಕ್ಕು ನಾರನ್ನು ಅರೆಯುತ್ತಿದೆ ಎಂದರ್ಥ. ಕರಗಿ ಗಾಜಿನಂತೆ ಗಟ್ಟಿಯಾದ ಕಲೆ, ಒಂದೇ ಕಡೆ ತೆಳ್ಳಗಾದ ಭಾಗ, ಕಡಿದ ಎಳೆ, ತುಕ್ಕಿನ ಅಥವಾ ರಾಸಾಯನಿಕದ ಕಲೆ, ಇವುಗಳಲ್ಲಿ ಯಾವುದು ಕಂಡರೂ ಆ ಭಾಗವನ್ನು ನಂಬಬೇಡಿ. ಒಂದು ತುದಿ ಮಾತ್ರ ಸವೆದಿದ್ದರೆ ತಿರುಗಿಸಿ ಇನ್ನೊಂದು ತುದಿ ಬಳಸಬಹುದು. ಒಮ್ಮೆ ಮಿತಿಮೀರಿ ಜಗ್ಗಿದ ಹಗ್ಗ ನೋಡಲು ಚೆನ್ನಾಗಿಯೇ ಇರುತ್ತದೆ, ಮುಂದಿನ ಸಲ ಕಡಿಮೆ ಹೊರೆಗೇ ಹರಿಯಬಹುದು. ಪುಸ್ತಕದಲ್ಲಿ ಬರೆದಿಡಬೇಕೆಂದದ್ದು ಇದಕ್ಕೇ.

ಬಳಸದಾಗ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ ಸುತ್ತಿಡಿ. ಡೀಸೆಲ್ ಡಬ್ಬಿ, ಬ್ಯಾಟರಿಯ ಆಮ್ಲದ ಪಕ್ಕ ಬೇಡ.

ಬಿಟ್ಟ ಹಾಸರನ್ನು ಹಾಗೇ ಮೂಲೆಗೆ ಎಸೆದರೆ ಅವಸರದ ರಾತ್ರಿಯೊಂದರಲ್ಲಿ ಯಾರೋ ಅದನ್ನೇ ತಂದು ಕಟ್ಟುತ್ತಾರೆ. ಎರಡೆರಡು ಮಾರಿನ ತುಂಡುಗಳಾಗಿ ಕಡಿದುಬಿಡಿ. ದೋಣಿಯ ಪಕ್ಕೆಗೆ ಇಳಿಬಿಡುವ ದಿಂಬು ಹೆಣೆಯಲು, ಮೆಟ್ಟಿಲಿಗೆ ಹಾಸಲು, ಬಲೆ ಎಳೆಯುವ ಜಾಗದಲ್ಲಿ ಕಾಲೊರೆಸಾಗಿ ಅವು ಇನ್ನೂ ಕೆಲವು ವರ್ಷ ಬರುತ್ತವೆ.